ಡ್ರೈವರಣ್ಣನ ಬ್ರೇಕಿಗೆ ಸಿಕ್ಕ ಜಾಗ

ಮೊನ್ನೆ ಕನಕಪುರದ ಗುಜರಿ ಅಂಗಡಿಯಲ್ಲಿ ರಬ್ಬರ್ ಬುಡ್ಡೆಯ ಹಳೇ ಹಾರನ್ ಒಂದು ಕಣ್ಣಿಗೆ ಬಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಂಗಡಿಯವನ ಕಿವಿಯ ಹಿಂದೆ ಹಿಡಿದು ಅಮುಕಿದೆ. ಪೋಂಯ್! ಅವನ ಕೈಲಿದ್ದ ಟೀ ಅಂಗಿಯ ಮೇಲೆ ಹೋಯಿತು, ನನ್ನ ಮನಸ್ಸು ಕೋಡಿಹಳ್ಳಿಯ ಟೆಂಪೊ ಡ್ರೈವರಣ್ಣನ ಹತ್ತಿರ ಹೋಯಿತು…

ಅವನು ಜನ ತುಂಬುವ ರೀತಿಗೆ ತಲೆಬುಡವೇ ಇರಲಿಲ್ಲ. ಹತ್ತಿದವರನ್ನು ಸಿಕ್ಕಸಿಕ್ಕಲ್ಲಿ ತುರುಕಿ, ನಾಲ್ಕು ಮಾರು ಓಡಿಸಿ, ಗಕ್ಕನೆ ಬ್ರೇಕ್ ಹಾಕುತ್ತಿದ್ದ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು, ಬೈದು, ಸರಿದು ಕೂರುತ್ತಿದ್ದರು. ಆಗ ಇಳಿದು ಬಂದು ಯಾರೋ ಇಬ್ಬರನ್ನು ಅದಲುಬದಲು ಮಾಡುತ್ತಿದ್ದ. ಅದರಿಂದ ಜಾಗ ಇನ್ನೂ ಕಮ್ಮಿಯಾದರೂ ಮೊದಮೊದಲು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮತ್ತೆ ಬ್ರೇಕು, ಈ ಸಲ ತುಸು ಮೆಲ್ಲಗೆ. ಹೀಗೆ ಬ್ರೇಕು ಮೆತ್ತಗಾಗುತ್ತ ಹೋದಂತೆ ಒಳಗಿನವರು ಒಬ್ಬರಿಗೊಬ್ಬರು ಕಚ್ಚಿಕೊಂಡು ಕೂತುಬಿಡುತ್ತಿದ್ದರು. ಯಾರ ಮೊಣಕೈ ಯಾರ ಬಗಲಲ್ಲೋ ದೇವರೇ ಬಲ್ಲ, ಆದರೆ ಇನ್ನೊಬ್ಬರಿಗೆ ಜಾಗ ಹುಟ್ಟಿರುತ್ತಿತ್ತು. ಹುಟ್ಟಿದ ಕೂಡಲೇ ಪೋಂಯ್ ಎಂದು ಹಾರನ್ ಹೊಡೆಯುತ್ತಿದ್ದ.

ನನ್ನಂಥ ಬುದ್ಧಿವಂತನಿಗೆ ಇದು ಹಿಡಿಸುತ್ತದೆಯೇ? ಕನಕಪುರಕ್ಕೆ ನನಗೆ ಹೆಣ್ಣು ನೋಡಲು ಹೊರಟ ದಿನ ಹೇಳಿಯೇಬಿಟ್ಟೆ.

"ಅಣ್ಣೋ, ಇವತ್ತು ನಾನ್ ಕೂರಿಸ್ತೀನಿ. ನೋಡ್ಕಂಡ್ ಕಲ್ತ್ಕೊ."

"ಆಗ್ಲಿ ಮದ್ವೆಗಂಡು," ಎಂದು ಅವನು ಎಲೆಅಡಿಕೆ ಬಾಯಿಗೆ ಹಾಕಿಕೊಂಡ.

ದಪ್ಪನೆಯ ಸೋದರಮಾವನಿಗೆ ಕಿಟಕಿ, ಉದ್ದನೆಯವರು ಹಿಂದೆ, ಹೆಂಗಸರೆಲ್ಲ ಒಂದು ಕಡೆ, ಹಣ್ಣಿನ ತಟ್ಟೆಗಳು ಮಡಿಲಲ್ಲಿ. ಫೋಟೊ ತೆಗೆಸುವ ಹಾಗಿತ್ತು. ಹೆಮ್ಮೆಯಿಂದ ಬಾಗಿಲು ಹಾಕಿದೆ. ನೋಡಿದರೆ ನಾನೇ ಹೊರಗೆ ನಿಂತಿದ್ದೇನೆ!

"ರಾವ್‌ಗಾಲ ಬಂದ್ಬುಡ್ತದೆ, ಹತ್ಲಾ!" ಎಂದು ಒಳಗಿಂದ ಮಾವ ಕೂಗಿದ.

ರಾಹುಕಾಲಕ್ಕೆ ಮೊದಲು ಬರದಿದ್ದರೆ ಬರಲೇಬೇಡಿ ಎಂದು ಹುಡುಗಿಯ ಅಪ್ಪ ಹೇಳಿ ಕಳಿಸಿದ್ದರು. ನಾನೋ, ಆ ಹುಡುಗಿಯನ್ನು ಸಂತೆಯಲ್ಲಿ ಕದ್ದು ನೋಡಿ ಆಗಲೇ ಮನಸ್ಸು ಕೊಟ್ಟುಬಿಟ್ಟಿದ್ದೆ.

"ಗಂಡ್ ಬುಟ್ಟು ಗಂಡಿನ್ ಕಡೆಯೋರು ಹೊಂಟವ್ರೆ," ಎಂದ ಡ್ರೈವರಣ್ಣ. "ಏನ್ಲಾ, ನಿನ್ ಬದ್ಲು ನಾನೇ ನೋಡ್ಕಂಡ್ ಬರ್ಲಾ?"

"ಅಣ್ಣಾ, ಕೈ ಮುಗಿತೀನಿ. ನಿನ್ ಬ್ರೇಕೇ ಹೊಡಿ."

ಮೊದಲ ಬ್ರೇಕಿಗೆ ಮಾವ ಚಿಕ್ಕಮ್ಮನ ಮೇಲೆ ಬಿದ್ದ. "ಸಾಯ್ಸ್‌ಬುಟ್ಟ!" ಎಂದು ಅವಳು ಕಿರುಚಿದಳು. ಡ್ರೈವರಣ್ಣ ಮಾವನನ್ನು ನಡುವೆ ಎಳೆದ, ಚಿಕ್ಕಮ್ಮನನ್ನು ಹಿಂದಕ್ಕೆ ತಳ್ಳಿದ, ತಟ್ಟೆಯನ್ನು ಯಾರದೋ ತಲೆಗೇರಿಸಿದ. ಮತ್ತೆ ಬ್ರೇಕು. ಹೊಸ ಅಂಗಿ ತೊಟ್ಟ ಮದುವೆಗಂಡು ನಾನು ಟೆಂಪೊ ಹಿಂದೆ ಓಡುತ್ತಿದ್ದೆ. ಕೆರೆ ಏರಿಯ ಹತ್ತಿರ ಕೊನೆಗೂ ಪೋಂಯ್ ಎಂದಿತು.

"ಬಾರ್ಲಾ, ಸಿಗ್ತು!"

ಮಾವನ ಕಂಕುಳಲ್ಲಿ ಮುಖ ಇಟ್ಟುಕೊಂಡು ಕನಕಪುರ ಸೇರಿದೆ. ರಾಹುಕಾಲ ಇನ್ನೂ ಬಂದಿರಲಿಲ್ಲ. ಬೆನ್ನಿಗೆ ಮೆತ್ತಿದ್ದ ಬಾಳೆಹಣ್ಣು ನೋಡಿ ಹುಡುಗಿ ನಕ್ಕಳು. ನನ್ನ ರೂಪಕ್ಕೆ ಒಪ್ಪಿದಳೆಂದು ನಾನು ಇವತ್ತಿಗೂ ಹೇಳುತ್ತೇನೆ; ಬಾಳೆಹಣ್ಣಿಗೆ ಎಂದು ಅವಳು.

ಗುಜರಿ ಅಂಗಡಿಯ ಆ ಹಾರನ್ ಕೊಂಡುಕೊಂಡೆ. ಮಗನ ಕಾರಿನಲ್ಲಿ ಹಿಂದೆ ಆ ಕಿಟಕಿಗೆ ಅವಳು, ಈ ಕಿಟಕಿಗೆ ನಾನು, ನಡುವೆ ಖಾಲಿ ಸೀಟು.

"ಒಸಿ ಜೋರಾಗ್ ಬ್ರೇಕ್ ಹೊಡಿಲಾ," ಎಂದೆ.

"ಯಾಕಪ್ಪಾ? ಜಾಗ ಐತಲ್ಲ."

ಜಾಗವೇನೋ ಬೇಕಾದಷ್ಟಿತ್ತು. ಮಾವ ಹೋದ, ಚಿಕ್ಕಮ್ಮ ಹೋದಳು, ಹೋದ ಬೇಸಿಗೆಯಲ್ಲಿ ಡ್ರೈವರಣ್ಣನೂ… ಹಾರನ್ನನ್ನು ಆ ಖಾಲಿ ಸೀಟಿನ ಮೇಲಿಟ್ಟೆ. ಅವಳು ಅದನ್ನು ಒಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಅಮುಕಿದಳು. ಮಗ ಬೆಚ್ಚಿ ಗಕ್ಕನೆ ಬ್ರೇಕ್ ತುಳಿದ.

ಇಬ್ಬರೂ ಮುಗ್ಗರಿಸಿ, ಸರಿದು ಕೂತೆವು. ನಡುವಿನ ಜಾಗ ಒಸಿ ಕಮ್ಮಿಯಾಗಿತ್ತು.