ನಂಗಲಿಯ ಕೋಣೆಯಲ್ಲಿ ವರ್ಗ ಹೋರಾಟ

ನಾನು ನಿಂತಿದ್ದದ್ದು ನಂಗಲಿಯ ನನ್ನ ಬಾಡಿಗೆ ಕೋಣೆಯಲ್ಲಿ, ಕಿಟಕಿಯ ಕೆಳಗಿದ್ದ ಸೀಮೆಎಣ್ಣೆ ಸ್ಟೌವಿನ ಎಡಕ್ಕೆ. ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಬಾಗಿಲು ನನ್ನಿಂದ ನಾಲ್ಕು ಹೆಜ್ಜೆ. ಅಲ್ಲಿ ಕೂತವನ ಮುಖ ಪೂರ್ತಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸರಿಯಾಗಿ ಕಾಣಿಸಲಿಲ್ಲ ಎಂದು ನಾನೇ ಜಾರಿಕೊಳ್ಳಬಾರದಲ್ಲ.

ಇದೆಲ್ಲ ನೆನಪಾದದ್ದು ಹೋದ ವಾರ. ಅಕ್ಕನ ಮಗಳು ಫೋನ್ ಮಾಡಿ, “ಮಾಮಾ, ನಂಗೆ ಶ್ರೀನಿವಾಸಪುರಕ್ಕೆ ವರ್ಗ ಆಯ್ತು” ಎಂದಳು.

ಆಗ ನಾನು ಪ್ರೈಮರಿ ಶಾಲೆಯ ಮೇಷ್ಟ್ರು. ಮನೆ ಮುಳಬಾಗಿಲಿನಲ್ಲಿ, ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ಭಾನುವಾರ ನನ್ನ ಕೋಣೆಯಲ್ಲಿ ನಾಲ್ಕು ಜನ ಸೇರಿ, ಕ್ರಾಂತಿ ಯಾಕೆ ಆಗುತ್ತದೆ, ಹೇಗಿರುತ್ತದೆ ಎಂದು ಚರ್ಚಿಸುತ್ತಿದ್ದೆವು. ಪಾಠ ಹೇಳುತ್ತಿದ್ದವರು ಆಂಧ್ರದ ಗಡಿಯಾಚೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪ್ರಸಾದಣ್ಣ. ಕೇಳುತ್ತಿದ್ದವರು ಪಂಕ್ಚರ್ ಅಂಗಡಿಯ ಬಷೀರ್, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿಯ ಮುನಿವೆಂಕಟಪ್ಪ, ಮತ್ತು ನಾನು. ಟೀಗೆಂದು ನಾಲ್ಕೂ ಒಂದೇ ಥರದ ಸ್ಟೀಲ್ ಲೋಟ ಕೊಂಡಿದ್ದೆ. ಹೋಟೆಲಿನಲ್ಲಿ ಮುನಿವೆಂಕಟಪ್ಪನಿಗೆ ಬೇರೆ ಲೋಟವಿದ್ದ ಕಾಲ. ಅರ್ಧ ಕ್ರಾಂತಿ ನನ್ನ ಸ್ಟೌವಿನ ಪಕ್ಕದಲ್ಲೇ ಆಗಿಹೋಯಿತು ಎಂದು ನನಗೆ ಹೆಮ್ಮೆ. ಆದರೂ ಅವನು ಬಾಗಿಲ ಹತ್ತಿರವೇ ಕೂರುತ್ತಿದ್ದ. ಒಳಗೆ ಬಾ ಎಂದು ನಾನು ಕರೆದ ನೆನಪಿಲ್ಲ.

ಭೂಮಿಯೆಲ್ಲ ಕೆಲವರ ಕೈಯಲ್ಲಿರುವುದು, ದುಡಿದವನಿಗೆ ಪಾಲಿಲ್ಲದಿರುವುದು, ಹೀಗೆ ಪ್ರಸಾದಣ್ಣ ಕಾರಣಗಳನ್ನು ಹೇಳುತ್ತಿದ್ದಾಗ ಮುನಿವೆಂಕಟಪ್ಪ ಒಮ್ಮೆ ಕೇಳಿದ: “ಅಣ್ಣಾ, ಹೊಟ್ಟೆಗಿಲ್ಲ ಅಂತ ಕ್ರಾಂತಿ ಆಗೋದಾದ್ರೆ ನಮ್ ತಾತನ ಕಾಲ್ದಾಗೇ ಆಗ್ಬೇಕಿತ್ತಲ್ಲ?”

“ನಿಮ್ ತಾತಂಗೆ ಪ್ರಸಾದಣ್ಣ ಸಿಕ್ಕಿರ್ಲಿಲ್ಲ ಕಣ್ಲಾ” ಎಂದ ಬಷೀರ್.

ಪ್ರಸಾದಣ್ಣ ನಗಲಿಲ್ಲ. “ಹಸಿವೊಂದೇ ಸಾಲ್ದು ರಾ. ಇದು ತಪ್ಪು ಅಂತ ಒಬ್ಬ ಇನ್ನೊಬ್ಬನ್ನ ನಂಬಿ ಬಾಯ್ಬಿಟ್ಟು ಹೇಳ್ತಾನಲ್ಲ, ಅವತ್ತಿಂದ ಶುರು.”

ಆಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ಕ್ರಾಂತಿಯ ಬಗ್ಗೆ ಇದಕ್ಕಿಂತ ಸರಿಯಾದ ಮಾತು ಸಿಕ್ಕಿಲ್ಲ.

ನಾನು ಹೇಳಹೊರಟ ಭಾನುವಾರ ಒಬ್ಬ ಪೊಲೀಸ್ ಪೇದೆ ಬಾಗಿಲಲ್ಲಿ ಬಂದು ನಿಂತ. “ಏನ್ ಮೇಷ್ಟ್ರೆ, ಇಲ್ಲಿ ವರ್ಗಾವಣೆ ಹೋರಾಟ ನಡೀತೈತಂತೆ? ಯಾರ್ಗಾಗ್ಬೇಕು ವರ್ಗ?” ಎಂದು ಕೇಳಿ, ನಾಲ್ವರ ಹೆಸರನ್ನೂ ಬರೆದುಕೊಂಡು ಹೋದ. ಬಷೀರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾವು ಓದುತ್ತಿದ್ದದ್ದು ವರ್ಗ ಹೋರಾಟ, ಉಳ್ಳವರ ವರ್ಗಕ್ಕೂ ದುಡಿಯುವವರ ವರ್ಗಕ್ಕೂ ನಡೆಯುವುದು.

“ನಗ್ಬೇಡ. ಮಾತು ಹೊರಗ್ ಹೋಗಿದೆ” ಎಂದರು ಪ್ರಸಾದಣ್ಣ. ಅವರ ಕಣ್ಣು ಬಾಗಿಲ ಕಡೆ ತಿರುಗಿತು. “ಮುನೆಂಕಟಾ, ಶುಕ್ರವಾರ ಆ ಪೇದೆ ಜೊತೆ ಹೋಗ್ತಿದ್ಯಂತಲ್ಲ, ಏನ್ ಸಮಾಚಾರ?”

“ಸೈಕಲ್ ತಳ್ಳೋ ಅಂದ. ತಳ್ದೆ.”

“ಅಷ್ಟೇನಾ?”

“ಪಂಕ್ಚರ್ ಆಗಿತ್ತಣ್ಣ. ಬಷೀರಣ್ಣನ ಅಂಗ್ಡಿಗೇ ತಳ್ಕೊಂಡ್ ಹೋಗಿದ್ದು. ಕೇಳಿ ಬೇಕಾದ್ರೆ.”

ಬಷೀರನ ನಗು ನಿಂತಿತ್ತು. “ಬಂದಿದ್ರು, ನಿಜ. ದಾರೀಲಿ ಏನ್ ಮಾತಾಡಿದ್ರೋ ನಂಗೇನ್ ಗೊತ್ತು?”

“ಇನ್ಮೇಲೆ ನೀನ್ ಬರ್ಬೇಡ” ಎಂದರು ಪ್ರಸಾದಣ್ಣ.

ಮುನಿವೆಂಕಟಪ್ಪ ನನ್ನನ್ನು ನೋಡಿದ. ಕೋಣೆ ನನ್ನದಲ್ಲವೇ. ನಾನು ಬಗ್ಗಿ ಸ್ಟೌವಿಗೆ ಪಂಪು ಹೊಡೆದೆ. ಅವನು ತನ್ನ ಲೋಟವನ್ನು ಹೊರಗೆ ಒಯ್ದು, ಹೋಟೆಲಿನಲ್ಲಿ ಮಾಡುವ ಹಾಗೆಯೇ ತೊಳೆದು, ಹೊಸ್ತಿಲ ಪಕ್ಕ ಬೋರಲು ಹಾಕಿ ಹೋದ.

ಮಾತು ಎಲ್ಲಿಂದ ಹೊರಗೆ ಹೋಯಿತೆಂದು ಪೇದೆ ಬಾಯಿ ತೆರೆದಾಗಲೇ ನನಗೆ ಗೊತ್ತಾಗಿತ್ತು. ಅದರ ಹಿಂದಿನ ವಾರ ಅಪ್ಪ, “ಭಾನುವಾರಾನೂ ಮನೆಗೆ ಬರಲ್ವಲ್ಲೋ, ಏನ್ಮಾಡ್ತೀಯ ಅಲ್ಲಿ?” ಎಂದು ಕೇಳಿದ್ದರು. ವರ್ಗ ಹೋರಾಟ ಎಂದು ಎದೆಯುಬ್ಬಿಸಿ ಹೇಳಿದ್ದೆ. “ಒಳ್ಳೇದು ಕಣೋ. ಮುಳಬಾಗಿಲಿಗೇ ಹಾಕಿಸ್ಕೊ” ಎಂದಿದ್ದರು ಅಪ್ಪ. ಸಂಜೆ ದೇವಸ್ಥಾನದ ಜಗಲಿಯಲ್ಲಿ ಯಾರ ಮುಂದೆ ಅದನ್ನು ಹೇಳಿಕೊಂಡರೋ ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಅದಕ್ಕೇ ಕೇಳಲಿಲ್ಲ. ನೀವೇ ಯೋಚಿಸಿ: ಆ ತಪ್ಪು ಮಾಡಲು ಮುನಿವೆಂಕಟಪ್ಪನಿಗೆ ಬರುತ್ತಲೇ ಇರಲಿಲ್ಲ. ಕೂಲಿಯವನನ್ನು ಯಾರು ಎಲ್ಲಿಗೆ ವರ್ಗ ಮಾಡುತ್ತಾರೆ? ಆ ಮಾತಿಗೆ ಮೊದಲು ಆ ಅರ್ಥ ಹೊಳೆಯುವುದು ಸರ್ಕಾರಿ ಸಂಬಳದ ಮನೆಗಳಲ್ಲಿ.

ಮತ್ತೆ ಒಂದು ತಿಂಗಳು ಮೂವರೇ ಸೇರಿದೆವು. ಒಬ್ಬ ಕೆಮ್ಮಿದರೆ ಇಬ್ಬರು ತಿರುಗಿ ನೋಡುತ್ತಿದ್ದೆವು. ಪ್ರಸಾದಣ್ಣನ ಮೇಲೂ ಅನುಮಾನವೆಂದು ಬಷೀರ್ ನನ್ನ ಕಿವಿಯಲ್ಲಿ ಹೇಳಿದ. ನನ್ನ ಬಗ್ಗೆ ಅವರ ಕಿವಿಯಲ್ಲಿ ಏನು ಹೇಳಿದನೋ. ಆಮೇಲೆ ಯಾರೂ ಬರಲಿಲ್ಲ. ಅಂದಿನಿಂದ ಎಲ್ಲಿ ಯಾರು ಒಗ್ಗಟ್ಟಿನ ಭಾಷಣ ಮಾಡಿದರೂ, ನಾನು ಬಾಗಿಲ ಹತ್ತಿರ ಕೂತವನು ಯಾರೆಂದು ನೋಡುತ್ತೇನೆ.

ಅಕ್ಕನ ಮಗಳ ಫೋನ್ ಬಂದ ಮೂರನೆಯ ದಿನ ನಂಗಲಿಗೆ ಹೋಗಿ ಮುನಿವೆಂಕಟಪ್ಪನಿಗೆ ಎಲ್ಲ ಹೇಳಿದೆ. ರಾಗಿ ಕೇರುತ್ತಿದ್ದವನು ಮೊರ ಕೆಳಗಿಡಲಿಲ್ಲ.

“ನಂಗ್ಯಾಕ್ ಹೇಳ್ತೀರ ಮೇಷ್ಟ್ರೆ? ನಾನಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಬಷೀರಣ್ಣಂಗ್ ಹೇಳಿ.”

ಪಂಕ್ಚರ್ ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಬಷೀರ್ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದ. “ಇಷ್ಟ್ ವರ್ಷ ಅವ್ನು ಎದುರಿಗ್ ಬಂದ್ರೆ ಬೇರೆ ರಸ್ತೆ ಹಿಡೀತಿದ್ದೆ” ಎಂದ. ಆಮೇಲೆ ಎದ್ದು ಕಾಲಲ್ಲಿ ಚಪ್ಪಲಿ ತಡಕಿದ. ನಾನೂ ಎದ್ದೆ.

“ನೀವ್ ಇಲ್ಲೇ ಇರಿ” ಎಂದು ಮುನಿವೆಂಕಟಪ್ಪನ ಮನೆಯ ದಾರಿ ಹಿಡಿದ.

ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಪ್ರಸಾದಣ್ಣ ಈಗಿಲ್ಲ. ಅವರಿಗೆ ಹೇಳುವುದು ಉಳಿದೇಹೋಯಿತು. ನಾನು ಬರೆದದ್ದು ಹೌದೋ ಅಲ್ಲವೋ ಎನ್ನಲು ಇಬ್ಬರಿದ್ದಾರೆ, ನಂಗಲಿಯಲ್ಲೇ: ಮುನಿವೆಂಕಟಪ್ಪ, ಬಷೀರ್.