ತಲೆಕೆಳಗಾಗಿ ಮಲಗಿದ ಗಿಳಿ

ಪಂಜರದ ಬಟ್ಟೆ ತೆಗೆದವಳೇ ಚೀರಿದೆ. ಬಾಲದ ಬುಡದಲ್ಲಿ ಕೆಂಪಿದ್ದ, ಮುಷ್ಟಿಯಷ್ಟೇ ದೊಡ್ಡ ಹಸಿರು ಗಿಳಿ ಮೇಲಿನ ಕಂಬಿಯಿಂದ ತಲೆಕೆಳಗಾಗಿ ನೇತಾಡುತ್ತಿತ್ತು. ನಮ್ಮ ಬನಶಂಕರಿ ಮನೆಯ ಮಹಡಿಯಲ್ಲಿದ್ದ ವನಜಾ, ಊರಿಗೆ ಹೋಗಬೇಕೆಂದು ಹಿಂದಿನ ಸಂಜೆಯಷ್ಟೇ ಅದನ್ನು ನನಗೆ ಒಪ್ಪಿಸಿದ್ದಳು. ನನ್ನ ಕೈಯಲ್ಲಿ ಇದೂ ಉಳಿಯಲಿಲ್ಲವಲ್ಲ ಎಂದುಕೊಂಡು ಮೆಲ್ಲಗೆ ಮುಟ್ಟಿದೆ. ಅದು ಕಣ್ಣು ಬಿಟ್ಟಿತು.

ಚೀರಿದ್ದು ಕೇಳಿ, ಊರಿಗೆ ಇನ್ನೂ ಹೊರಟಿರದ ವನಜಾ ಮಹಡಿಯಿಂದ ಓಡಿಬಂದು ನಕ್ಕಳು. "ಅಯ್ಯೋ ಆಂಟಿ, ಈ ಜಾತಿ ಗಿಳಿ ಮಲಗೋದೇ ಹಂಗೆ, ಬಾವಲಿ ಥರ! ಕಾಡಲ್ಲೂ ಕೊಂಬೆಗೆ ಜೋತುಬಿದ್ದೇ ನಿದ್ದೆ ಮಾಡತ್ತೆ."

ಅದಕ್ಕೂ ಹಿಂದಿನ ತಿಂಗಳು ಆಸ್ಪತ್ರೆಯಲ್ಲಿ ಮಗಳ ಪಾದವನ್ನೂ ಹೀಗೆಯೇ ಮುಟ್ಟಿದ್ದೆ, ನಿದ್ದೆ ಬಂದಿರಬೇಕು ಎಂದುಕೊಂಡು. ಅವಳು ಕಣ್ಣು ಬಿಡಲಿಲ್ಲ. ಅದೆಲ್ಲ ಆಗಿ ಇಷ್ಟು ವರ್ಷವಾದರೂ ಮಲಗಿದವರನ್ನು ಮುಟ್ಟಿ ಎಬ್ಬಿಸಲು ನನಗೆ ಕೈ ಬರುವುದಿಲ್ಲ.