ಅಪ್ಪನ ಹೆಸರಿನ ಖಾನೆ

ಜಾಂಬೇತಾ ಆ ಗ್ರೀಕ್ ದ್ವೀಪದ ಜನನ ಮರಣ ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸವೆಸಿದವಳು. ಅವಳಿಗೆ ಗೊತ್ತಿಲ್ಲದ ಹುಟ್ಟಿಲ್ಲ, ಅವಳು ಆಡಿಕೊಳ್ಳದ ಮನುಷ್ಯನಿಲ್ಲ. ಅವಳ ಮರದ ಡ್ರಾಯರುಗಳಲ್ಲಿ ಚೀಟಿಗಳು ಮೊದಲು ಊರಿನಂತೆ, ಊರೊಳಗೆ ಮನೆತನದಂತೆ, ಆಮೇಲೆ ಹೆಸರಿನಂತೆ, ಕೊನೆಗೆ ಅಪ್ಪನ ಹೆಸರಿನಂತೆ ಕೂತಿದ್ದವು. ಊರಿನಿಂದ ಶುರುಮಾಡಿ ಹೇಳಿದರೆ ಕಣ್ಣು ಮುಚ್ಚಿಕೊಂಡೇ ತೆಗೆಯುತ್ತಿದ್ದಳು. ಬರೀ ಅಪ್ಪನ ಹೆಸರು ಹಿಡಿದು ಬಂದವರಿಗೆ, "ಇಡೀ ಕಪಾಟು ತಡಕೋಕೆ ನಾನೇನು ಇಲೀನಾ?" ಎನ್ನುತ್ತಿದ್ದಳು.

ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಅಥೆನ್ಸಿನಿಂದ ಲೂಕಾಸ್ ಎಂಬ ಎಂಜಿನಿಯರ್ ಬಂದ. ಒಬ್ಬರನ್ನು ಗುರುತಿಸಲು ಊರು, ಮನೆತನ, ಹೆಸರು ಮೂರೂ ಸೇರಿದರೆ ಸಾಕು ಎಂದ.

"ಅಪ್ಪನ ಹೆಸರು?"

"ಬೇಡ ಬಿಡಿಮ್ಮಾ."

"ಇಲ್ಲಿ ಹಿರಿಮಗನಿಗೆ ತಾತನ ಹೆಸರೇ ಇಡೋದು ಕಣಪ್ಪ. ಮುದುಕ ಪಾಂಡೆಲಿಸ್‌ಗೆ ಮೂರು ಗಂಡುಮಕ್ಕಳು. ಮೂರು ಮನೇಲೂ ಒಬ್ಬೊಬ್ಬ ಪಾಂಡೆಲಿಸ್ ಮೊರಾರಿಸ್! ನೀನು ಹಡಗು ಹತ್ತಿದೆ, ಬುದ್ಧಿ ದಡದಲ್ಲೇ ಉಳೀತು."

ಯಂತ್ರವೂ ಎರಡನೆಯ ಪಾಂಡೆಲಿಸನನ್ನು ಒಪ್ಪಲಿಲ್ಲ, 'ಈಗಾಗಲೇ ಇದ್ದಾನೆ' ಎಂದಿತು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎನ್ನುವ ಪಾದ್ರಿಯಂತೆ ಲೂಕಾಸ್ ಮೂವರೂ ಒಬ್ಬನೇ ಎಂದು ತೀರ್ಮಾನಿಸಿದ. ಮುಂದಿನ ತಿಂಗಳು ಒಬ್ಬ ಪಾಂಡೆಲಿಸ್ ಸತ್ತ. ಐವತ್ತು ದಾಟಿದ ಇನ್ನೊಬ್ಬ, ಭಾನುವಾರದ ಮದುವೆಗೆ ಪ್ರಮಾಣಪತ್ರ ಕೇಳಲು ಬಂದರೆ ತೆರೆಯ ಮೇಲೆ 'ಮೃತ' ಎಂದಿತ್ತು.

"ಇಪ್ಪತ್ತು ವರ್ಷ ನೆಪ ಹೇಳ್ದ," ಎಂದಳು ಮದುವಣಗಿತ್ತಿ ದೊಮ್ನಾ. "ಈಗ ನೋಡಿದ್ರೆ ಸತ್ತೇ ಹೋಗಿದ್ದಾನಂತೆ!"

ಜಾಂಬೇತಾಗೆ ಹಬ್ಬವೋ ಹಬ್ಬ. ಲೂಕಾಸನತ್ತ ತಿರುಗಿದಳು. "ಅಪ್ಪನ ಹೆಸರು ಕೇಳೋಕೆ ನಿನಗೇನು ಧಾಡಿಯಾಗಿತ್ತೋ? ಅಪ್ಪ ಇಲ್ಲದವನ ಹಾಗೆ!"

ಕಚೇರಿಯೆಲ್ಲ ನಕ್ಕಿತು. ಲೂಕಾಸ್ ನಗಲಿಲ್ಲ.

"ಇಲ್ಲಮ್ಮಾ, ನನಗಿಲ್ಲ. ನನ್ನ ಚೀಟೀಲಿ ಆ ಜಾಗದಲ್ಲಿ ಬರೀ ಗೆರೆ ಇದೆ. ಗುರುತಿಗೆ ಸೇರಿಸಿದ ಖಾನೆ ಒಂದೂ ಖಾಲಿ ಇರಬಾರದು ಅನ್ನುತ್ತೆ ಯಂತ್ರ. ಅಪ್ಪನ ಹೆಸರು ಸೇರಿಸಿದ್ರೆ ನನ್ನಂಥವರನ್ನ ಒಳಗೇ ಬಿಡಲ್ಲ. ಅದಕ್ಕೇ ಬಿಟ್ಟೆ. ಮೂವರನ್ನ ಒಂದು ಮಾಡಿದ್ದು ಮಾತ್ರ ನನ್ನ ತಪ್ಪು."

ಅಂಥ ಗೆರೆಯ ಚೀಟಿಗಳು ಜಾಂಬೇತಾಳಲ್ಲೂ ಹನ್ನೊಂದಿದ್ದವು. ಅವನ್ನು ಯಾವ ಡ್ರಾಯರಿಗೂ ಸೇರಿಸದೆ ಒಂದು ಬೂಟಿನ ಡಬ್ಬಿಗೆ ತುರುಕಿದ್ದಳು. ಡಬ್ಬಿಯ ಮೇಲೆ 'ಯಾರವೋ' ಎಂದು ದಪ್ಪಕ್ಷರದಲ್ಲಿ ಬರೆದವಳೂ ಅವಳೇ.

ಅದನ್ನು ತಂದು ಮೇಜಿನ ಮೇಲಿಟ್ಟಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಿಮ್ಮಮ್ಮನ ಹೆಸರೇನಪ್ಪ?"

"ಅರ್ಗಿರೋ."

ನಾಲ್ಕನೆಯ ಖಾನೆಗೆ 'ತಂದೆ ಅಥವಾ ತಾಯಿ' ಎಂದು ಹೆಸರಾಯಿತು. ಯಾನಿಸನ ಮಗ ಪಾಂಡೆಲಿಸ್ ಮತ್ತೆ ಬದುಕಿ ಭಾನುವಾರ ಮದುವೆಯಾದ. ಹನ್ನೊಂದು ಚೀಟಿಗಳನ್ನು ಡ್ರಾಯರಿಗೆ ಸೇರಿಸುವಾಗ, ಆ ಜನರಲ್ಲಿ ನಾಲ್ವರು, ಚೀಟಿ ಡಬ್ಬಿಯಲ್ಲಿದ್ದಾಗಲೇ ತೀರಿಹೋಗಿದ್ದಾರೆಂದು ಜಾಂಬೇತಾಗೆ ನೆನಪಾಯಿತು.